ಮುಂದಿನ ಹಂಗಾಮಿಗೆ ಎಷ್ಟು ಆಳು ಬೇಕು?

(ಪಟಾನ್‌ಚೆರು: ದತ್ತಿ ಉಪನ್ಯಾಸದ ಬರಹರೂಪ)

2020ರ ಮೇ 1ರ ಬೆಳಗಿನ ಜಾವ ಲಿಂಗಂಪಲ್ಲಿ ನಿಲ್ದಾಣದಿಂದ 24 ಬೋಗಿಗಳ ಒಂದು ರೈಲು ಜಾರ್ಖಂಡಿನ ಹಟಿಯಾ ಕಡೆಗೆ ಹೊರಟಿತು. ಒಳಗೆ ಸುಮಾರು 1,200 ಮಂದಿ. ಬಹುಪಾಲು ಜನ ಕಂದಿಯಲ್ಲಿ ಐಐಟಿ ಹೈದರಾಬಾದಿನ ಕಟ್ಟಡ ಕಟ್ಟಲು ಬಂದವರು. ಲಾಕ್‌ಡೌನ್ ಬಿದ್ದ ಮೇಲೆ ಕೂಲಿಕಾರರನ್ನು ಊರಿಗೆ ಮುಟ್ಟಿಸಲೆಂದೇ ಹೊರಟ ದೇಶದ ಮೊದಲ ರೈಲು ಅದು. ಬಾಕಿ ಕೂಲಿ ಕೊಡಿ, ನಮ್ಮನ್ನು ಊರಿಗೆ ಕಳಿಸಿ ಎಂದು ಅವರು ಕಂದಿಯಲ್ಲಿ ರೊಚ್ಚಿಗೆದ್ದು ಎರಡೇ ದಿನವಾಗಿತ್ತು. ಕಂದಿಯಿಂದ ಲಿಂಗಂಪಲ್ಲಿಗೆ ಹೋಗುವ ಹೆದ್ದಾರಿ ಪಟಾನ್‌ಚೆರುವನ್ನು ಹಾಯ್ದೇ ಹೋಗುತ್ತದೆ.

ಒಂದು ವಾರ ಕಳೆಯಿತು. ಮೇ 8ರಂದು ಅದೇ ಲಿಂಗಂಪಲ್ಲಿಗೆ ಬಿಹಾರದ ಖಗಡಿಯಾದಿಂದ ಇನ್ನೊಂದು ರೈಲು ಬಂತು. ಇಳಿದವರು 222 ಮಂದಿ. ತೆಲಂಗಾಣದಲ್ಲಿ ಯಾಸಂಗಿ, ಅಂದರೆ ಹಿಂಗಾರಿನ ಭತ್ತ ರಾಶಿ ರಾಶಿಯಾಗಿ ಬಂದಿತ್ತು, ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವವರಿರಲಿಲ್ಲ. ಬಂದವರನ್ನು ಸರ್ಕಾರದವರೇ ನಿಲ್ದಾಣಕ್ಕೆ ಹೋಗಿ ಬರಮಾಡಿಕೊಂಡರು. ನಿಲ್ದಾಣ ಒಂದೇ, ನಡುವಿನ ಅಂತರ ಏಳು ದಿನ. ಒಂದು ಕಡೆ ಆಳು ಹೆಚ್ಚಾಗಿ ಹೊಟ್ಟೆಗಿಲ್ಲದೆ ಹೊರಟಿದ್ದರು, ಇನ್ನೊಂದು ಕಡೆ ಆಳಿಲ್ಲದೆ ಭತ್ತ ಕಾದು ಕೂತಿತ್ತು.

ಕರ್ನಾಟಕದಲ್ಲೂ ಅದೇ ವಾರ ಇಂಥದೇ ನಡೆಯಿತು. ಬಿಲ್ಡರ್‌ಗಳ ಜೊತೆ ಸಭೆಯಾದ ಮೇಲೆ ಮೇ 5ರಂದು ರಾಜ್ಯ ಸರ್ಕಾರ ಕಾರ್ಮಿಕರ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಬರೆಯಿತು. ನಾಲ್ಕೂ ಕಡೆಯಿಂದ ಟೀಕೆ ಬಂದ ಮೇಲೆ ಎರಡು ಮೂರು ದಿನದಲ್ಲೇ ಮತ್ತೆ ರೈಲು ಕೇಳಿತು. ಕಟ್ಟಡದ ಕೆಲಸ ಶುರುವಾದರೆ ಆಳು ಬೇಕಾಗುತ್ತದೆ ಎಂಬ ಅಂದಾಜು ತಪ್ಪಾಗಿರಲಿಲ್ಲ. ಕೆಲಸ ಶುರುವಾಗುವ ತನಕ ಆ ಆಳುಗಳ ಹೊಟ್ಟೆಗೆ ಯಾರು ಹಾಕಬೇಕು ಎಂಬುದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ.

ಕಾಲ ನೆಟ್ಟಗಿಲ್ಲದಾಗ ಯಾವ ಕೆಲಸಕ್ಕೆ ಎಷ್ಟು ಜನ ಬೇಕಾಗುತ್ತಾರೆ ಎಂದು ಮೊದಲೇ ಅಂದಾಜು ಹಾಕುವುದು ಹೇಗೆ ಎಂಬುದು ಈ ಉಪನ್ಯಾಸದ ವಿಷಯ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಸೂತ್ರಗಳಿವೆ. ಆದರೆ ಈ ಪ್ರಶ್ನೆಯನ್ನು ನೆಲದ ಮೇಲಿಟ್ಟು ನೋಡಲು ಪಟಾನ್‌ಚೆರುವಿನಂಥ ಜಾಗ ದೇಶದಲ್ಲಿ ಕಡಿಮೆ. ಹೆದ್ದಾರಿಯ ಆಚೀಚೆ ಇಲ್ಲಿ ಎರಡು ಲೋಕಗಳಿವೆ. ಒಂದು ಕಾರ್ಖಾನೆಗಳದ್ದು, ಇನ್ನೊಂದು ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನದು. ಎರಡೂ ಐವತ್ತು ವರ್ಷಗಳಿಂದ ಮುಂದೇನಾಗುತ್ತದೆ ಎಂಬ ಅಂದಾಜಿನ ಮೇಲೆಯೇ ನಡೆದುಕೊಂಡು ಬಂದಿವೆ. ಅಂದಾಜು ತಪ್ಪಿದಾಗ ನಷ್ಟ ಯಾರ ತಲೆಗೆ ಬಂತು ಎಂಬುದನ್ನೂ ಇಲ್ಲಿ ಕಣ್ಣಾರೆ ನೋಡಬಹುದು.

ಇಕ್ರಿಸ್ಯಾಟ್ ಎಂದರೆ ಕಲಬುರಗಿಯ ರೈತರಿಗೆ ಹೊಸ ಹೆಸರಲ್ಲ. ಸೊರಗು ರೋಗ ತಡೆಯುವ ‘ಮಾರುತಿ’ ತೊಗರಿ ಹೋದದ್ದು ಇಲ್ಲಿಂದಲೇ. 1972ರಲ್ಲಿ ಶುರುವಾದ ಈ ಸಂಸ್ಥೆಗೆ ಸುಮಾರು 1,400 ಹೆಕ್ಟೇರ್ ನೆಲ, ಒಂದೇ ಬೇಲಿಯೊಳಗೆ ಎರೆಭೂಮಿ, ಕೆಂಪುಭೂಮಿ ಎರಡೂ. ಬೀಜದಷ್ಟು ಹೆಸರು ಮಾಡದ ಇನ್ನೊಂದು ಕೆಲಸವನ್ನೂ ಸಂಸ್ಥೆ 1975ರಲ್ಲಿ ಕೈಗೆತ್ತಿಕೊಂಡಿತು. ಮಹಬೂಬ್‌ನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳಿಂದ ಎರಡೆರಡು ಹಳ್ಳಿ ಆರಿಸಿ, ಪ್ರತಿ ಹಳ್ಳಿಯಲ್ಲಿ 40 ಮನೆಗಳನ್ನು ಗುರುತಿಸಿತು. ಅವುಗಳಲ್ಲಿ ಹತ್ತು ಮನೆ ಭೂಮಿ ಇಲ್ಲದ ಕೂಲಿಕಾರರದ್ದು. ಊರಲ್ಲೇ ವಾಸ ಮಾಡುವ ತನಿಖೆಯವರು ಮೂರು ನಾಲ್ಕು ವಾರಕ್ಕೊಮ್ಮೆ ಮನೆಗೆ ಹೋಗಿ, ಯಾರು ಎಲ್ಲಿ ಎಷ್ಟು ದಿನ ದುಡಿದರು, ಎಷ್ಟು ಕೂಲಿ ಸಿಕ್ಕಿತು, ಎಷ್ಟು ದಿನ ಕೆಲಸ ಕೇಳಿಯೂ ಸಿಗಲಿಲ್ಲ ಎಂದು ಬರೆದುಕೊಂಡರು. ಮುಂದೆ ಈ ಅಧ್ಯಯನ ಕರ್ನಾಟಕಕ್ಕೂ ಬಂತು. ವಿಜಯಪುರ ಜಿಲ್ಲೆಯ ಕಪನಿಂಬರಗಿ, ಮಾರ್ಕಬ್ಬಿನಹಳ್ಳಿ, ತುಮಕೂರು ಜಿಲ್ಲೆಯ ಎರಡು ಹಳ್ಳಿ ಅದರಲ್ಲಿ ಸೇರಿದವು.

ಆ ಹಳ್ಳಿಗಳಲ್ಲಿ ಹನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞ ನಡೆಸಿದ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ನಿಜವಾದ ದುಡ್ಡಿಟ್ಟು, ನಾಣ್ಯ ಚಿಮ್ಮಿ ಆಡುವ ಆಟ. ಮೊದಲ ಆಯ್ಕೆಯಲ್ಲಿ ರಾಜ ಬಿದ್ದರೂ ರಾಣಿ ಬಿದ್ದರೂ 50 ರೂಪಾಯಿ. ಎರಡನೆಯದರಲ್ಲಿ ಒಂದು ಕಡೆ ಬಿದ್ದರೆ 45, ಇನ್ನೊಂದು ಕಡೆ ಬಿದ್ದರೆ 95. ಮುಂದೆ 40 ಅಥವಾ 120. ಇನ್ನೂ ಮುಂದೆ 30 ಅಥವಾ 150. ಕೊನೆಯ ಆಯ್ಕೆಯಲ್ಲಿ ಬಂದರೆ 200, ಇಲ್ಲದಿದ್ದರೆ ಸೊನ್ನೆ. ಎಪ್ಪತ್ತರ ದಶಕದ ಕೂಲಿಕಾರನಿಗೆ ಅದು ತಿಂಗಳ ದುಡಿಮೆಯನ್ನೂ ಮೀರಿದ ದುಡ್ಡು. ಎಂಟಾಣೆಯ ಆಟದಲ್ಲಿ ಧೈರ್ಯ ಮಾಡಿದವರೂ ಐವತ್ತರ ಆಟಕ್ಕೆ ಬಂದಾಗ ನಡುವಿನ ಆಯ್ಕೆಗೆ ಸರಿದರು. ಬಡವ, ಸಿರಿವಂತ ಎಂಬ ಭೇದ ಅಲ್ಲಿ ಹೆಚ್ಚು ಕಾಣಲಿಲ್ಲ. ಪೂರಾ ಹೆದರಿ ಕೂತವರೂ ಕಡಿಮೆ, ಎಲ್ಲವನ್ನೂ ಪಣಕ್ಕಿಟ್ಟವರೂ ಕಡಿಮೆ. ಕೆಟ್ಟದ್ದು ಬಂದರೂ ಕೈಯಲ್ಲಿ ಒಂದಿಷ್ಟು ಉಳಿಯಬೇಕು ಎಂಬ ಲೆಕ್ಕವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯೋಜನಾ ಕಚೇರಿಗಳ ಅಂದಾಜಿನಲ್ಲಿ ಕಾಣದ ವಿವೇಕ ಇದು.

ಅದೇ ಹಳ್ಳಿಗಳ ದಾಖಲೆಯಿಂದ ಮಾರ್ಕ್ ರೋಸೆನ್‌ಜ್ವೈಗ್, ಒಡೆಡ್ ಸ್ಟಾರ್ಕ್ ಇಬ್ಬರೂ 1989ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಒಕ್ಕಲು ಮನೆಗಳವರು ಹೆಣ್ಣುಮಕ್ಕಳನ್ನು ದೂರದ ಊರಿಗೆ ಕೊಡುವುದರ ಹಿಂದೆ ಮಳೆಯ ಲೆಕ್ಕವೂ ಇದೆ. ಇಲ್ಲಿ ಮಳೆ ಕೈಕೊಟ್ಟ ವರ್ಷ ಅಲ್ಲಿ ಆಗಿರಬಹುದು, ಬೀಗರ ಮನೆಯಿಂದ ಒಂದು ಚೀಲ ಜೋಳ ಬರಬಹುದು. ಬೀದರ್, ಕಲಬುರಗಿ, ಜಹೀರಾಬಾದ್, ಸಂಗಾರೆಡ್ಡಿಗಳ ನಡುವೆ ಕೊಟ್ಟು ತಂದ ಸಂಬಂಧ ಇರುವ ಮನೆಗಳು ಎಷ್ಟೋ. 1956ರ ನವೆಂಬರ್ 1ರ ತನಕ ಅವೆಲ್ಲ ಮೊದಲು ಒಂದೇ ಹೈದರಾಬಾದ್ ಸಂಸ್ಥಾನದ, ಆಮೇಲೆ ಒಂದೇ ರಾಜ್ಯದ ಊರುಗಳು. ಗಡಿ ಆಮೇಲೆ ಬಂತು, ನಂಟು ಹಾಗೇ ಉಳಿಯಿತು.

ಈಗ ಮುಖ್ಯ ಮಾತಿಗೆ ಬರಬಹುದು. ಯಾದಗಿರಿ ಸೀಮೆಯ ಒಂದು ಕೂಲಿ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಏಪ್ರಿಲ್ ನಡುವೆ ಹವಾಮಾನ ಇಲಾಖೆ ಈ ಸಲ ಮುಂಗಾರು ಚೆನ್ನಾಗಿದೆ ಎನ್ನುತ್ತದೆ. ಮೇಸ್ತ್ರಿ ಮುಂಗಡ ಹಿಡಿದು ಬಾಗಿಲಿಗೆ ಬಂದಿದ್ದಾನೆ. ಮಳೆ ಒಳ್ಳೆಯದಿದ್ದರೆ ಊರಲ್ಲೇ ಬಿತ್ತನೆ, ಕಳೆ, ಕೊಯ್ಲು ಸಿಗುತ್ತದೆ, ಗುಳೆ ಹೋಗುವುದು ಯಾಕೆ? ಮನೆಯವರು ಮುಂಗಡ ಬೇಡವೆಂದು ಉಳಿಯುತ್ತಾರೆ. ಪಕ್ಕದ ಮನೆಯವರೂ ಉಳಿಯುತ್ತಾರೆ, ಊರಿಗೆ ಊರೇ ಉಳಿಯುತ್ತದೆ. ಆಳು ಹೆಚ್ಚಾಗಿ ಬಿತ್ತನೆಯ ಕೂಲಿ ಇಳಿಯುತ್ತದೆ. ಆಮೇಲೆ ಮಳೆ ಕೈಕೊಟ್ಟರೆ ಕೊಯ್ಯಲು ಬೆಳೆಯಿಲ್ಲ, ಕೈಗಳು ಮಾತ್ರ ಬೇಕಾದಷ್ಟಿವೆ. ಕೂಲಿ ಇನ್ನೂ ಇಳಿಯುತ್ತದೆ. ಅಷ್ಟು ಹೊತ್ತಿಗೆ ಮೇಸ್ತ್ರಿ ಬೇರೆ ಊರಿನವರನ್ನು ಕರೆದುಕೊಂಡು ಹೋಗಿಯಾಗಿರುತ್ತದೆ.

ಇದು ಬರಿ ಊಹೆಯಲ್ಲ. ರೋಸೆನ್‌ಜ್ವೈಗ್ ಮತ್ತು ಕ್ರಿಸ್ಟೋಫರ್ ಉಡ್ರಿ 2005ರಿಂದ 2010ರ ತನಕದ ಭಾರತದ ಹಳ್ಳಿ ಮನೆಗಳ ವಲಸೆ, ಜಿಲ್ಲೆಗಳ ಕೂಲಿ ದರ ಎರಡನ್ನೂ ಮುಂದಿಟ್ಟುಕೊಂಡು 2014ರಲ್ಲಿ ಬರೆದದ್ದು ಇದನ್ನೇ. ಮಳೆಯ ಮುನ್ಸೂಚನೆಯಿಂದ ಒಟ್ಟಾರೆ ನೋಡಿದರೆ ದುಡಿಯುವ ಕೈಗಳು ಬೇಕಾದ ಕಡೆ ಸೇರುತ್ತವೆ. ಆದರೆ ಮುನ್ಸೂಚನೆ ಕರಾರುವಾಕ್ಕಾಗಿ ಇಲ್ಲದ್ದರಿಂದ ಕೂಲಿಯ ಏರಿಳಿತ ಹೆಚ್ಚುತ್ತದೆ. ಆ ಅವಧಿಯೊಳಗೇ ಬರುವ 2009ನ್ನು ನೆನೆದರೆ ಸಾಕು. ಏಪ್ರಿಲ್‌ನಲ್ಲಿ ಇಲಾಖೆ ಹೇಳಿದ್ದು ವಾಡಿಕೆಯ ಶೇ. 96ರಷ್ಟು ಮಳೆ, ಬಿದ್ದದ್ದು ಶೇ. 78. ಇಲಾಖೆಯ ಕಡತದಲ್ಲಿ ಅದು ಒಂದು ಅಂಕಿಯ ವ್ಯತ್ಯಾಸ. ಆ ಮಾತು ನಂಬಿ ಊರಲ್ಲೇ ಉಳಿದ ಕೂಲಿಕಾರನಿಗೆ ಅದು ಇಡೀ ವರ್ಷದ ದುಡಿಮೆ. ಮುನ್ಸೂಚನೆಯೇ ಬೇಡ ಎಂಬುದು ಇದರ ಅರ್ಥವಲ್ಲ. ತಪ್ಪುವ ಸಾಧ್ಯತೆ ಎಷ್ಟಿದೆ, ತಪ್ಪಿದರೆ ಉಳಿದವರ ಗತಿ ಏನು ಎಂಬ ಎರಡು ಮಾತನ್ನು ಅದೇ ದಿನ, ಅದೇ ದನಿಯಲ್ಲಿ ಹೇಳದಿದ್ದರೆ ಅದು ಅರೆಮಾತು.

ವಿಜ್ಞಾನಿಗಳ ಅಂದಾಜೂ ತಪ್ಪಿದ್ದುಂಟು. ಎಪ್ಪತ್ತು ಎಂಬತ್ತರ ದಶಕದಲ್ಲಿ ಇಕ್ರಿಸ್ಯಾಟ್ ಎರೆಭೂಮಿಗಾಗಿ ಒಂದು ಬೇಸಾಯ ಪದ್ಧತಿ ರೂಪಿಸಿತು. ಅದರ ನಡುವೆ ‘ಟ್ರಾಪಿಕಲ್ಟರ್’ ಎಂಬ ಗಾಲಿಯ ಸಲಕರಣೆ ಇತ್ತು. ಜೋಡೆತ್ತು ಕಟ್ಟಿ ಅದೊಂದರಿಂದಲೇ ಉಳುವುದು, ಬಿತ್ತುವುದು, ಎಡೆ ಹೊಡೆಯುವುದು, ಸಾಮಾನು ಸಾಗಿಸುವುದು ಎಲ್ಲ ಆಗುತ್ತಿತ್ತು. ಹೊಲದಲ್ಲಿ ಅದು ಚೆನ್ನಾಗಿಯೇ ನಡೆಯಿತು, ಆದರೆ ರೈತರು ಕೊಳ್ಳಲಿಲ್ಲ. ಬೆಲೆ ಹೆಚ್ಚು, ಎಳೆಯಲು ಬಲವಾದ ಎತ್ತು ಬೇಕು, ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಿಸುವುದೂ ರಗಳೆ. ಆ ಹೊತ್ತಿಗೆ ಬಾಡಿಗೆ ಟ್ರ್ಯಾಕ್ಟರ್ ಊರೂರಿಗೆ ಬರತೊಡಗಿತ್ತು. ಜಗತ್ತಿನ ಹಲವು ದೇಶಗಳಲ್ಲಿ ಇಂಥ ಸಲಕರಣೆಗಳಿಗೆ ಆದ ಗತಿಯನ್ನು ಪಾಲ್ ಸ್ಟಾರ್ಕಿ 1988ರಲ್ಲಿ ಒಂದು ಪುಸ್ತಕವಾಗಿ ಬರೆದ. ಪರಿಪೂರ್ಣವಾದರೂ ತಿರಸ್ಕೃತವಾದದ್ದು ಎಂಬ ಅರ್ಥ ಬರುವ ಮಾತು ಆ ಪುಸ್ತಕದ ಹೆಸರಿನಲ್ಲೇ ಇದೆ. ಎತ್ತು ಮತ್ತು ಮನೆಯ ಆಳು ನಾಳೆಯೂ ಇಂದಿನಷ್ಟೇ ಸಿಗುತ್ತವೆ ಎಂಬ ಎಣಿಕೆಯ ಮೇಲೆ ಆ ಯಂತ್ರ ನಿಂತಿತ್ತು.

ಕಡಲೆಯ ವಿಷಯದಲ್ಲಿ ಎಣಿಕೆ ಸರಿಯಾಯಿತು. ಒಂದು ತಳಿ ರೈತನ ಕೈಗೆ ಬರಲು ಹತ್ತು ವರ್ಷವಾದರೂ ಹಿಡಿಯುತ್ತದೆ. ಹಾಗಾಗಿ ತಳಿ ಮಾಡುವವನು ತನಗೆ ಗೊತ್ತಿದ್ದೋ ಇಲ್ಲದೆಯೋ ಹತ್ತು ವರ್ಷ ಮುಂದಿನ ಕೂಲಿ ಪೇಟೆಯನ್ನೂ ಊಹಿಸುತ್ತಿರುತ್ತಾನೆ. ಹಳೆಯ ಕಡಲೆ ಗಿಡ ಗಿಡ್ಡ, ನೆಲಕ್ಕೆ ಹರಡಿಕೊಂಡದ್ದು, ಕಟಾವು ಯಂತ್ರದ ಬಾಯಿಗೆ ಸಿಗುವುದಿಲ್ಲ. ಕೊಯ್ಲಿಗೆ ಮುಂದೆ ಆಳು ಸಿಗುವುದು ಕಷ್ಟ ಎಂದು ಮೊದಲೇ ಕಂಡು, ನೆಟ್ಟಗೆ ಎತ್ತರ ಬೆಳೆದು ಕಾಯಿ ಮೇಲೆ ಬಿಡುವ ತಳಿಗಳತ್ತ ಇಕ್ರಿಸ್ಯಾಟ್ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಹೊರಳಿದವು. ನಂದ್ಯಾಲದಿಂದ ಎನ್‌ಬಿಇಜಿ 47, ಕರ್ನಾಟಕಕ್ಕೆ ಜಿಬಿಎಂ 2 ಬಂದದ್ದು ಹೀಗೆ.

ಕಡಲೆ ಕಿತ್ತವರಿಗೆ ಆ ಕೆಲಸ ಏನೆಂದು ಗೊತ್ತು. ಎಲೆಯ ಮೇಲಿನ ಹುಳಿ ಕೈಗೆ ಹತ್ತಿ ಬೆರಳ ಸಂದು ಉರಿಯುತ್ತದೆ, ಚರ್ಮ ಬಿರಿಯುತ್ತದೆ. ಎಲೆ ಮೆತ್ತಗಿರಲೆಂದು ಹೆಣ್ಣಾಳುಗಳು ನಸುಕಿನಲ್ಲೇ ಹೊಲಕ್ಕಿಳಿಯುತ್ತಾರೆ. ಕೈಗೆ ಬಟ್ಟೆ ಸುತ್ತಿಕೊಂಡು ಕೀಳುತ್ತಾರೆ. ಯಂತ್ರ ಬಂದು ಆ ಉರಿ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಆ ದಿನಗಳ ಕೂಲಿಯೂ ಅದರ ಜೊತೆಗೇ ಹೋಯಿತು. ಎಷ್ಟು ಆಳು ಸಿಗುವುದಿಲ್ಲ ಎಂಬ ಲೆಕ್ಕವನ್ನು ಹಾಕಿದವರು ಎಷ್ಟು ಹೆಣ್ಣಾಳಿಗೆ ಕೆಲಸ ಸಿಗುವುದಿಲ್ಲ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕಿತ್ತು.

ಇನ್ನು ಹೆದ್ದಾರಿಯ ಈಚೆಗಿನ ಲೋಕ. ಪಟಾನ್‌ಚೆರು, ಬೊಲ್ಲಾರಂ, ಪಾಶಮೈಲಾರಂಗಳ ಔಷಧ ಕಾರ್ಖಾನೆಗಳು ಇಷ್ಟೊಂದು ಇಲ್ಲೇ ಯಾಕೆ ಬೆಳೆದವು ಎಂದು ಕೇಳಿದರೆ ಉತ್ತರ ಹುಡುಕಿಕೊಂಡು ಬಾಲಾನಗರಕ್ಕೆ ಹೋಗಬೇಕು. ಕೇಂದ್ರ ಸರ್ಕಾರ 1961ರಲ್ಲಿ ಸ್ಥಾಪಿಸಿದ ಐಡಿಪಿಎಲ್, ಸೋವಿಯತ್ ನೆರವಿನಿಂದ ಅಲ್ಲಿ ಸಂಶ್ಲೇಷಿತ ಔಷಧಗಳ ಘಟಕ ತೆರೆಯಿತು. ತನಗೆ ಬೇಕಾದ ರಸಾಯನಶಾಸ್ತ್ರಜ್ಞರನ್ನು, ತಂತ್ರಜ್ಞರನ್ನು ತಾನೇ ತಯಾರು ಮಾಡಿಕೊಂಡಿತು. ಅಷ್ಟರಲ್ಲಿ 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂತು. ಔಷಧಕ್ಕೆ ಉತ್ಪನ್ನ ಪೇಟೆಂಟ್ ಹೋಯಿತು, ಬೇರೆ ದಾರಿಯಲ್ಲಿ ಅದೇ ಔಷಧ ಮಾಡುವವರಿಗೆ ಬಾಗಿಲು ತೆರೆಯಿತು. ಐಡಿಪಿಎಲ್‌ನಲ್ಲಿ ದುಡಿದು ಹೊರಬಂದ ಕೆ. ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು. ಹಾಗೆ ಹೊರಬಂದವರು ಅವರೊಬ್ಬರೇ ಅಲ್ಲ. ಐಡಿಪಿಎಲ್ 1992ರಲ್ಲಿ ರೋಗಗ್ರಸ್ತ ಉದ್ಯಮ ಎನ್ನಿಸಿಕೊಂಡಿತು. ಅದು ಕಲಿಸಿದ ಕೈಗಳು ಮಾತ್ರ ಹೈದರಾಬಾದನ್ನು ಔಷಧದ ಪೇಟೆ ಮಾಡಿದವು. ಬಾಲಾನಗರದ ಘಟಕಕ್ಕೆ ಎಷ್ಟು ಜನ ಬೇಕೆಂದು ಅರವತ್ತರ ದಶಕದಲ್ಲಿ ಲೆಕ್ಕ ಹಾಕಿದವರಿಗೆ ಈ ಬೇಡಿಕೆ ಕನಸಿನಲ್ಲೂ ಬಂದಿರಲಾರದು. ಲೆಕ್ಕ ತಪ್ಪಿಯೂ ಕಲಿಕೆ ಕೈಹಿಡಿಯಿತು, ಯಾಕೆಂದರೆ ಅವರು ಕಲಿಸಿದ್ದು ಒಂದು ಯಂತ್ರದ ಗುಂಡಿ ಒತ್ತುವುದನ್ನಲ್ಲ, ರಸಾಯನಶಾಸ್ತ್ರವನ್ನು.

ಬೇಡಿಕೆ ಬೀಳುವುದೂ ಹೀಗೆಯೇ, ಯಾರೂ ನೋಡದ ಕಡೆಯಿಂದ. ಕಾರ್ಖಾನೆಗಳ ಹೊಲಸು ನಕ್ಕವಾಗು ಹಳ್ಳಕ್ಕೆ ಸೇರಿ ಹೊಲಗಳನ್ನು ಕೆಡಿಸಿದ ಕತೆ ಇಲ್ಲಿಯವರಿಗೆ ಹೊಸದಲ್ಲ. 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ತೀರಾ ಮಲಿನಗೊಂಡ ಕೈಗಾರಿಕಾ ಪ್ರದೇಶಗಳಲ್ಲಿ ವಿಸ್ತರಣೆಗೆ ತಡೆ ಹಾಕಿದಾಗ ಪಟಾನ್‌ಚೆರು–ಬೊಲ್ಲಾರಂ ಆ ಪಟ್ಟಿಯಲ್ಲಿತ್ತು. ವಿಸ್ತರಣೆ ನಿಂತಲ್ಲಿ ಹೊಸ ಆಳಿನ ಬೇಡಿಕೆಯೂ ನಿಲ್ಲುತ್ತದೆ.

ದೇಶದ ಮಟ್ಟದಲ್ಲಿ ಆದದ್ದನ್ನು ಚಿಕ್ಕದಾಗಿ ಹೇಳಿದರೆ ಸಾಕು. ಮಾನವ ಶಕ್ತಿಯ ಲೆಕ್ಕಕ್ಕೆಂದೇ 1962ರಲ್ಲಿ ದೆಹಲಿಯಲ್ಲಿ ಒಂದು ಸಂಸ್ಥೆ ಹುಟ್ಟಿತು. ಯೋಜನೆಗಳ ಲೆಕ್ಕ ನಂಬಿ ಎಂಜಿನಿಯರಿಂಗ್ ಸೀಟುಗಳು ಏರಿದವು. ಅರವತ್ತರ ದಶಕದ ನಡುವೆ ಬರ ಬಂತು, ಹಿಂದೆಯೇ ಉದ್ಯಮ ಕುಸಿಯಿತು. 1968ರ ಹೊತ್ತಿಗೆ ಎಂಜಿನಿಯರುಗಳು ಕೆಲಸವಿಲ್ಲದೆ ಕೂತರು, ಸೀಟು ಕಡಿತವಾಯಿತು. 2009ರ ಕೌಶಲ ನೀತಿ 2022ಕ್ಕೆ 50 ಕೋಟಿ ಜನರಿಗೆ ತರಬೇತಿ ಎಂದಿತು. 2015ರ ನೀತಿಯಲ್ಲಿ ಅದು 40 ಕೋಟಿಗೆ ಇಳಿಯಿತು. ಇಷ್ಟು ದುಂಡಗಿನ ಅಂಕಿ ಎದುರಿಗೆ ಬಂದಾಗ ಅದು ಯಾವ ಜಿಲ್ಲೆಯ, ಯಾವ ಕೆಲಸದ ಎಣಿಕೆಯಿಂದ ಬಂದದ್ದು ಎಂದು ಓದುಗರು ಕೇಳಬೇಕು.

ಅಂದಾಜಿನ ಗೊಡವೆಯೇ ಇಲ್ಲದ ಒಂದು ದಾರಿಯೂ ಇತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸ ಬೇಕಾದವರು ಅರ್ಜಿ ಕೊಡಬೇಕಿತ್ತು, 15 ದಿನದೊಳಗೆ ಸರ್ಕಾರ ಕೆಲಸ ಕೊಡಬೇಕಿತ್ತು, ಇಲ್ಲವಾದರೆ ನಿರುದ್ಯೋಗ ಭತ್ಯೆ. ಎಷ್ಟು ಜನಕ್ಕೆ ಕೆಲಸ ಬೇಕು ಎಂಬುದನ್ನು ಜನರೇ ಹೇಳುವ ಏರ್ಪಾಡು ಅದಾಗಿತ್ತು. 2020–21ರ ಬಜೆಟ್‌ನಲ್ಲಿ ಅದಕ್ಕೆ ಇಟ್ಟದ್ದು 61,500 ಕೋಟಿ ರೂಪಾಯಿ. ಗುಳೆ ಹೋದವರು ಊರಿಗೆ ಮರಳಿದ ಮೇಲೆ ಮೇ ತಿಂಗಳಲ್ಲೇ ಇನ್ನೂ 40,000 ಕೋಟಿ ಸೇರಿಸಬೇಕಾಯಿತು. ಬಜೆಟ್ಟಿನ ಅಂದಾಜು ತಪ್ಪಿತು. ಆದರೆ ಹಕ್ಕು ಕಾಯ್ದೆಯಲ್ಲಿ ಇದ್ದುದರಿಂದ ತಪ್ಪಿನ ಭಾರ ಮೊದಲು ಬಿದ್ದದ್ದು ಬೊಕ್ಕಸದ ಮೇಲೆ, ಕೂಲಿಕಾರನ ಮೇಲೆ ಅಲ್ಲ. ಆ ತತ್ವವನ್ನು ಪಟ್ಟಣದ ದುಡಿಮೆಗೂ ತರಬೇಕೆಂಬುದು ಈ ಉಪನ್ಯಾಸದ ಖಚಿತ ಅಭಿಪ್ರಾಯ.

ಮುಂದಿನದನ್ನು ಊಹಿಸುವ ಮೊದಲು ಈಗಿನದನ್ನು ಎಣಿಸಬೇಕು. 2011–12ರ ತನಕ ಉದ್ಯೋಗದ ದೊಡ್ಡ ಸಮೀಕ್ಷೆ ಐದು ವರ್ಷಕ್ಕೊಮ್ಮೆ ಆಗುತ್ತಿತ್ತು. 2017ರಿಂದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್ ಬಂತು, 2025ರಿಂದ ಅದರ ಅಂಕಿಗಳು ತಿಂಗಳಿಗೊಮ್ಮೆ ಬರುತ್ತಿವೆ. ಇದು ದೊಡ್ಡ ಸುಧಾರಣೆ, ಮನಸಾರೆ ಮೆಚ್ಚಬೇಕಾದದ್ದು. ಆದರೆ 2021ರ ಜನಗಣತಿ ನಡೆಯಲೇ ಇಲ್ಲ, 2027ಕ್ಕೆ ಹೋಯಿತು. ಅಸಂಘಟಿತ ಕಾರ್ಮಿಕರ ನೋಂದಣಿ ತಾಣ ಇ–ಶ್ರಮ್‌ನಲ್ಲಿ 30 ಕೋಟಿಗೂ ಹೆಚ್ಚು ಹೆಸರುಗಳಿವೆ, ಆದರೆ ಒಬ್ಬ ಕಾರ್ಮಿಕ ಇವತ್ತು ಯಾವ ಶೆಡ್ಡಿನಲ್ಲಿ ಯಾವ ಪಾಳಿಯಲ್ಲಿದ್ದಾನೆ ಎಂಬುದು ಅದರಿಂದ ತಿಳಿಯದು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರತಿ ಆಳಿಗೂ ಗುತ್ತಿಗೆದಾರ ಫೋಟೊ ಅಂಟಿಸಿದ ಪಾಸ್‌ಪುಸ್ತಕ ಕೊಡಬೇಕು ಎಂದಿತ್ತು. 2020ರ ಮೇ ತಿಂಗಳಲ್ಲಿ ಆ ಪುಸ್ತಕಗಳು ಇದ್ದಿದ್ದರೆ ಯಾರನ್ನು ಎಲ್ಲಿಗೆ ಕಳಿಸಬೇಕು ಎಂದು ಹುಡುಕುವ ಕೆಲಸವೇ ಇರುತ್ತಿರಲಿಲ್ಲ.

2025ರ ಜೂನ್ 30ರ ಬೆಳಿಗ್ಗೆ ಪಾಶಮೈಲಾರಂನ ಒಂದು ಔಷಧ ಘಟಕದಲ್ಲಿ ಸ್ಫೋಟವಾಯಿತು. 40ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹಳ ಜನ ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಬಂದವರು. ಅನೇಕರನ್ನು ಡಿಎನ್‌ಎ ಪರೀಕ್ಷೆಯಿಂದ ಗುರುತಿಸಬೇಕಾಯಿತು. ಕೆಲವರು ಸಿಗಲೇ ಇಲ್ಲ. ಆ ಹೊತ್ತಿಗೆ ಒಳಗಿದ್ದವರು ಯಾರು, ಯಾರು ಹೊರಗೆ ಬಂದರು ಎಂದು ಹೊಂದಿಸಲು ದಿನಗಟ್ಟಲೆ ಬೇಕಾಯಿತು. ಮನೆಯವರು ಫೋಟೊ ಹಿಡಿದು ಗೇಟಿನ ಮುಂದೆ, ಪಟಾನ್‌ಚೆರು ಆಸ್ಪತ್ರೆಯ ಮುಂದೆ ನಿಂತಿದ್ದರು.

ಈ ಸಾಲುಗಳನ್ನು ಓದುವವರಲ್ಲಿ ಕಾರ್ಖಾನೆ ನಡೆಸುವವರಿದ್ದಾರೆ, ಆಳು ಒದಗಿಸುವ ಗುತ್ತಿಗೆದಾರರಿದ್ದಾರೆ, ಹಾಜರಿ ಬರೆಯುವ ಗುಮಾಸ್ತರಿದ್ದಾರೆ. ಅವರಲ್ಲಿ ಒಂದು ಕೋರಿಕೆ. ನಾಳೆಯಿಂದ ನಿಮ್ಮ ಗೇಟಿನ ಹಾಜರಿ ಪುಸ್ತಕದಲ್ಲಿ ಗುತ್ತಿಗೆಯ ಆಳಿನ ಹೆಸರನ್ನೂ ಕಾಯಂ ನೌಕರನ ಹೆಸರಿನಂತೆಯೇ ಪೂರ್ತಿ ಬರೆಯಿಸಿ. ಊರು, ಪಾಳಿ, ಮನೆಯವರ ಫೋನ್ ನಂಬರು ಬರೆಯಿಸಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದವರಾದರೆ ತಾಲ್ಲೂಕಿನ ಹೆಸರನ್ನೂ ಸೇರಿಸಿ, ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಸಂಗಾರೆಡ್ಡಿಯ ಕಾರ್ಮಿಕ ಇಲಾಖೆಗೂ ಆ ಜಿಲ್ಲೆಗೂ ಕಳಿಸಿ.